ಕೊಳಗದ ತಲೆಯೂ ಮೇದಕದ ಪಾಕವೂ: ದುರ್ಗಸೀಮೆಯ ಧಾನ್ಯದ ಅಳತೆಗಳನ್ನು ಕುರಿತು ಒಂದು ವಿಚಾರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ೧೯೦೩ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ಪ್ರದೇಶದ ಆರ್ಥಿಕ ಜೀವನವನ್ನು ಕುರಿತು ಬರೆಯುವವರಿಗೆಲ್ಲ ಆ ಸಂಪುಟವೇ ಮುಖ್ಯ ಆಧಾರವಾಗಿದೆ. ದತ್ತಿಯಾಗಿ ಬಿಟ್ಟ ಗದ್ದೆ ಇಷ್ಟು ಕೊಳಗ, ಬೆದ್ದಲು ಇಷ್ಟು ಖಂಡುಗ, ದೇವರ ಪಡಿಗೆ ಅಕ್ಕಿ ಇಷ್ಟು ಮಾನ ಎಂಬ ಮಾತುಗಳು ಇಂತಹ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುವು. ಇವುಗಳನ್ನು ಓದುವವರು ಸಾಮಾನ್ಯವಾಗಿ ಒಂದು ಕೋಷ್ಟಕವನ್ನು ಮುಂದಿಟ್ಟುಕೊಂಡು, ಕೊಳಗಕ್ಕೆ ಇಂತಿಷ್ಟು ಸೇರು, ಸೇರಿಗೆ ಇಂತಿಷ್ಟು ತೂಕ ಎಂದು ಗುಣಿಸಿ, ರೈತನು ಕೊಡಬೇಕಾಗಿದ್ದ ಧಾನ್ಯದ ಮೊತ್ತವನ್ನು ಕಂಡುಹಿಡಿದೆವೆಂದು ತೃಪ್ತರಾಗುತ್ತಾರೆ. ಈ ಗುಣಾಕಾರವು ಎಷ್ಟರಮಟ್ಟಿಗೆ ನಂಬತಕ್ಕುದು ಎಂಬುದೇ ಈ ಲೇಖನದ ವಿಷಯ.

ಅಳತೆಯ ಹೆಸರು ಒಂದೇ ಆಗಿದ್ದರೂ ಅಳತೆ ಒಂದೇ ಆಗಿರಲಿಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ, ಚಿತ್ರದುರ್ಗ ಹಿರಿಯೂರುಗಳನ್ನು ಹಾದು, ಹೊಸದುರ್ಗದ ಕಡೆಯ ಮತ್ತೋಡಿನಲ್ಲಿ ಬಳೆಯ ಗಾಜು ಕಾಯಿಸುವ ಕುಲುಮೆಗಳನ್ನು ನೋಡಿದ ಫ್ರಾನ್ಸಿಸ್ ಬುಕಾನನ್ನನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಊರೂರಿನ ಅಳತೆಗಳನ್ನು ಬೇರೆಬೇರೆಯಾಗಿ ಬರೆದುಕೊಂಡು, ಅವುಗಳನ್ನು ತನ್ನ ದೇಶದ ಬುಷೆಲ್ಲಿಗೆ ತಿರುಗಿಸುತ್ತಾ ಹೋದನು. ಒಂದು ಕೋಷ್ಟಕ ಸಾಲುವಂತಿದ್ದರೆ ಅವನಿಗೆ ಈ ಶ್ರಮ ಬೇಕಾಗುತ್ತಿರಲಿಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಮಾತ್ರ ಬಹುಮಟ್ಟಿಗೆ ಸ್ಥಿರವಾದುದು; ಅದರ ಕೆಳಗಿನ ಮೆಟ್ಟಿಲುಗಳೆಲ್ಲ ಅಲುಗಾಡುವಂತಹವು.

ಆದರೆ ನಾವು ಹೇಳಹೊರಟಿರುವುದು ಕೊಳಗದ ಗಾತ್ರದ ವ್ಯತ್ಯಾಸವನ್ನಲ್ಲ, ಅದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದನ್ನು. ಒಂದೇ ಕೊಳಗದಲ್ಲಿ, ಒಬ್ಬನೇ ಮನುಷ್ಯನು, ಒಂದೇ ರಾಶಿಯಿಂದ ಅಳೆದರೂ ಎರಡು ಬೇರೆ ಮೊತ್ತಗಳು ದೊರೆಯುತ್ತವೆ. ಕೊಳಗದ ಬಾಯಿಯ ಮೇಲೆ ಧಾನ್ಯವು ಗೋಪುರದಂತೆ ನಿಲ್ಲುವವರೆಗೆ ಸುರಿದರೆ ಒಂದು ಮೊತ್ತ. ಕೋಲಿನಿಂದಲೋ ಅಂಗೈಯಿಂದಲೋ ತಲೆಯನ್ನು ಸವರಿದರೆ ಇನ್ನೊಂದು. ಮೊದಲನೆಯದನ್ನು ರಾಶಿಯಳತೆ ಎಂದೂ ಎರಡನೆಯದನ್ನು ಸವರಳತೆ ಎಂದೂ ಈ ಲೇಖನದಲ್ಲಿ ಕರೆಯುತ್ತೇವೆ. ಸಾಲ ಕೊಡುವಾಗ ಸವರಿ ಕೊಟ್ಟು, ಸುಗ್ಗಿಯಲ್ಲಿ ಹಿಂದಕ್ಕೆ ಪಡೆಯುವಾಗ ರಾಶಿಮಾಡಿ ಪಡೆಯುವುದು ಧಾನ್ಯದ ವ್ಯವಹಾರವಿದ್ದ ಕಡೆಯಲ್ಲೆಲ್ಲ ಇದ್ದ ಹಳೆಯ ದೂರು. ಬಡ್ಡಿಯ ದರದಲ್ಲಿ ಕಾಣದ ಬಡ್ಡಿಯದು.

ಈ ಎರಡು ಅಳತೆಗಳಲ್ಲಿ ಶಾಸನದ ಕೊಳಗ ಯಾವುದು? ದತ್ತಿಶಾಸನಗಳಲ್ಲಿ ಬರುವುದು ಒಂದೊಂದೇ ಬಿಡಿ ಸಂಖ್ಯೆ. ಆ ಸಂಖ್ಯೆ ಸವರಿದುದೋ ರಾಶಿಯದೋ ಎಂಬುದನ್ನು ಪರೀಕ್ಷಿಸಲು ಅದರ ಪಕ್ಕದಲ್ಲಿ ಇನ್ನಾವುದೂ ಇರುವುದಿಲ್ಲ. ಇದಕ್ಕೆ ಒರೆಗಲ್ಲಾಗಬಲ್ಲದು, ಧಾನ್ಯವನ್ನೂ ನೀರನ್ನೂ ಒಂದೇ ಅಳತೆಯ ಹೆಸರುಗಳಿಂದ ಹೇಳುವ ಯಾವುದಾದರೊಂದು ಪಾಕವಿಧಿ. ಏಕೆಂದರೆ ನೀರು ಗೋಪುರವಾಗಿ ನಿಲ್ಲುವುದಿಲ್ಲ. ಅಂತಹ ಪಾಕವಿಧಿಯೊಂದು ನಮ್ಮ ಮೈಸೂರಿನಿಂದಲೇ ಬೆಳಕಿಗೆ ಬಂದ ಗ್ರಂಥದಲ್ಲಿದೆ. ಅದು ಅನ್ನದ ಪಾಕವಲ್ಲ, ಧಾನ್ಯದಿಂದ ಮಾಡುವ ಮದ್ಯದ ಪಾಕ. ಸಂಕೋಚಪಡದೆ ಅದನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ.

ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಮೂಲವನ್ನು ೧೯೦೯ರಲ್ಲಿ ಪ್ರಕಟಿಸಿ, ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದ ಸಂಗತಿ ಪ್ರಸಿದ್ಧವಾಗಿದೆ. ಗ್ರಂಥವು ಈಗಿನ ರೂಪವನ್ನು ಪಡೆದುದು ಮೌರ್ಯರ ಕಾಲದಲ್ಲಲ್ಲ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಎಂಬ ಅಭಿಪ್ರಾಯ ಈಗ ಬಲವಾಗಿದೆ. ನಮ್ಮ ವಿಚಾರಕ್ಕೆ ಅದರಿಂದ ಬಾಧಕವಿಲ್ಲ. ಇದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವಿದೆ. ಮದ್ಯದ ತಯಾರಿಕೆಯನ್ನು ಅರಸನ ಹಿಡಿತದಲ್ಲಿರಿಸುವುದೇ ಅಲ್ಲಿನ ನಿಯಮವಾದರೂ, ಕುಟುಂಬಸ್ಥರು ವಿಶೇಷ ಕಾರ್ಯಗಳಿಗೆ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದೆಂದೂ, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಈ ಸ್ವಾತಂತ್ರ್ಯವನ್ನು ಕೊಡಬೇಕೆಂದೂ ವಿಧಿಸಿದೆ. ಆದುದರಿಂದ ಅಲ್ಲಿನ ಪಾಕಗಳು ಅರಸನ ಭಟ್ಟಿಯವರಿಗೆ ಮಾತ್ರ ತಿಳಿದಿದ್ದ ರಹಸ್ಯಗಳೆಂದು ಭಾವಿಸಬೇಕಾಗಿಲ್ಲ.

ಅವುಗಳಲ್ಲಿ ಮೇದಕವೆಂಬುದು ಅತ್ಯಂತ ಸರಳವಾದುದು. ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ. ಇಷ್ಟೇ ಅದರ ವಿಧಿ. ಅಳತೆಗಳ ಅಧ್ಯಾಯದ ಪ್ರಕಾರ ನಾಲ್ಕು ಕುಡುಬಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಎಲ್ಲವನ್ನೂ ಪ್ರಸ್ಥಕ್ಕೆ ಇಳಿಸಿದರೆ ನೀರು ಹದಿನಾರು, ಅಕ್ಕಿ ಎರಡು, ಕಿಣ್ವ ಮೂರು ಎಂದಾಗುತ್ತದೆ. ಅಕ್ಕಿಗಿಂತ ಕಿಣ್ವವೇ ಹೆಚ್ಚಾಗಿರುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುವುದು. ಹೆಪ್ಪು ಹಾಲಿಗಿಂತ ಹೆಚ್ಚಾದರೆ ಹೇಗೆ? ಪ್ರಸನ್ನವೆಂಬ ಮತ್ತೊಂದು ಪಾನಕ್ಕೆ ಹನ್ನೆರಡು ಆಢಕ ಹಿಟ್ಟಿಗೆ ಐದೇ ಪ್ರಸ್ಥ ಕಿಣ್ವವನ್ನು ಹೇಳಿದೆ, ಎಂದರೆ ಸುಮಾರು ಹತ್ತಕ್ಕೆ ಒಂದು ಪಾಲು. ಮೇದಕದಲ್ಲಿ ಕಿಣ್ವವು ಹುದುಗೆಬ್ಬಿಸುವ ಕೆಲಸವನ್ನು ಮಾತ್ರವಲ್ಲದೆ ಧಾನ್ಯದ ಕೆಲಸವನ್ನೂ ಮಾಡುತ್ತಿದ್ದಿರಬೇಕೆಂದು ಇದರಿಂದ ತೋರುತ್ತದೆ.

ಕಿಣ್ವದ ವಿಧಿಯನ್ನು ನೋಡಿದರೆ ಈ ಊಹೆ ದೃಢಪಡುವುದು. ಒಂದು ದ್ರೋಣ ಉದ್ದಿನ ಹಿಟ್ಟನ್ನು, ಹಸಿಯದನ್ನಾಗಲಿ ಬೇಯಿಸಿದುದನ್ನಾಗಲಿ ತೆಗೆದುಕೊಂಡು, ಅದಕ್ಕೆ ಅಕ್ಕಿಯನ್ನು ಹೆಚ್ಚಾಗಿ ಸೇರಿಸಿ, ಮೋರಟವೇ ಮೊದಲಾದ ಮೂಲಿಕೆಗಳನ್ನು ಒಂದೊಂದು ಕರ್ಷದಷ್ಟು ಬೆರೆಸಿದರೆ ಕಿಣ್ವವಾಗುತ್ತದೆ. ಅಕ್ಕಿ ಎಷ್ಟು ಹೆಚ್ಚು ಎಂಬಲ್ಲಿ ಮೂಲದ ಸಮಾಸಪದವು ಎರಡು ಅರ್ಥಗಳಿಗೆ ಎಡೆಗೊಡುವುದು. ಶಾಮಶಾಸ್ತ್ರಿಗಳು ಮೂರು ಭಾಗ ಹೆಚ್ಚು ಎಂದು ತೆಗೆದುಕೊಂಡರು. ಮೂರರಲ್ಲೊಂದು ಭಾಗ ಹೆಚ್ಚು ಎಂದೂ ಹೇಳಬಹುದಾಗಿದೆ. ಮೂರರಲ್ಲೊಂದು ಭಾಗವೆಂದರೆ ಕಿಣ್ವದ ಏಳು ಪಾಲಿನಲ್ಲಿ ನಾಲ್ಕು ಅಕ್ಕಿ. ಉದ್ದು ಒಂದಕ್ಕೆ ಅಕ್ಕಿ ಮೂರು ಎಂದರೆ ನಾಲ್ಕು ಪಾಲಿನಲ್ಲಿ ಮೂರು. ನಮ್ಮ ಮನೆಗಳಲ್ಲಿ ದೋಸೆಗೆ ನೆನೆಹಾಕುವಾಗ ಉದ್ದಿಗೂ ಅಕ್ಕಿಗೂ ಇರುವ ಪ್ರಮಾಣ ಹೆಚ್ಚುಕಡಿಮೆ ಈ ಎರಡನೆಯದೇ. ಮೈಸೂರು ಸೀಮೆಯವರಾದ ಶಾಸ್ತ್ರಿಗಳಿಗೆ ಈ ಅರ್ಥವೇ ಸಹಜವಾಗಿ ಹೊಳೆದಿದ್ದರೆ ಆಶ್ಚರ್ಯವಿಲ್ಲವೆಂದು ನಗೆಯ ಮಾತಾಗಿ ಹೇಳಬಹುದು. ವ್ಯಾಕರಣದ ದೃಷ್ಟಿಯಿಂದ ನಮಗೆ ಮೊದಲನೆಯದೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಯಾವುದನ್ನು ಹಿಡಿದರೂ, ಮೂರು ಪ್ರಸ್ಥ ಕಿಣ್ವದೊಳಗಿನ ಅಕ್ಕಿಯನ್ನು ಸೇರಿಸಿಕೊಂಡರೆ ಮೇದಕದ ಒಟ್ಟು ಅಕ್ಕಿ ಮೂರೂಮುಕ್ಕಾಲು ಪ್ರಸ್ಥದಿಂದ ನಾಲ್ಕೂಕಾಲು ಪ್ರಸ್ಥದವರೆಗೆ ಬರುವುದು. ವ್ಯಾಖ್ಯಾನದ ಭೇದದಿಂದ ಪಾಕದಲ್ಲಾಗುವ ಭೇದ ಅಷ್ಟು ದೊಡ್ಡದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಉದ್ದನ್ನು ಕಾಳಾಗಿ ಅಳೆದು ರುಬ್ಬಿದರೋ, ರುಬ್ಬಿದ ಹಿಟ್ಟನ್ನು ಅಳೆದರೋ ಎಂಬುದರಿಂದ ಲೆಕ್ಕ ಬಹಳ ಬದಲಾಗುವುದು. ಒಂದು ಪಾವು ಉದ್ದು ನೆನೆದು ರುಬ್ಬುವ ಕಲ್ಲಿನಿಂದ ಮೇಲೇಳುವ ಹೊತ್ತಿಗೆ ಎಷ್ಟಾಗುತ್ತದೆಂಬುದನ್ನು ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಟ್ಟಿನ ಅಳತೆಯಲ್ಲಿಯೂ ಇದೇ ತೊಡಕುಂಟು: ಜರಡಿಯಿಂದ ಉದುರಿದ ರಾಗಿಹಿಟ್ಟು ತುಂಬಿದ ಸೇರನ್ನು ನಾಲ್ಕು ಬಾರಿ ನೆಲಕ್ಕೆ ಕುಟ್ಟಿದರೆ ಬಾಯಿ ಖಾಲಿಯಾಗುವುದು. ಇಂದಿನ ಕಾಲದಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವ ಪಾಶ್ಚಾತ್ಯರ ಪಾಕಗಳು ಮೊಳಕೆಗಟ್ಟಿ ಒಣಗಿಸಿದ ಜವೆಗೋಧಿಯನ್ನು ತೂಕದಿಂದಲೇ ಹೇಳುವುವು, ಅಳತೆಯ ಪಾತ್ರೆಯಿಂದ ಹೇಳುವುದಿಲ್ಲ. ಕಾಳು ದಪ್ಪವಾಗಿ ಒಡೆದಿದೆಯೇ ನುಣ್ಣಗೆ ಬೀಸಿದೆಯೇ ಎಂಬುದನ್ನು ಅವಲಂಬಿಸಿ ಪಾತ್ರೆಯ ಲೆಕ್ಕ ತಪ್ಪುವುದೇ ಇದಕ್ಕೆ ಕಾರಣ.

ಹಾಗಾದರೆ ಅರ್ಥಶಾಸ್ತ್ರದ ದ್ರೋಣವನ್ನು ಗೊತ್ತುಮಾಡುವುದು ಹೇಗೆ? ಗ್ರಂಥವೇ ಒಂದು ದಾರಿಯನ್ನು ತೋರಿಸಿದೆ. ಇನ್ನೂರು ಪಲ ತೂಗುವ ಉದ್ದು ಹಿಡಿಯುವುದು ಒಂದು ದ್ರೋಣ. ಒಂದು ನಿರ್ದಿಷ್ಟ ಧಾನ್ಯದ ತೂಕದಿಂದ ಪಾತ್ರೆಯ ಗಾತ್ರವನ್ನು ನಿಶ್ಚಯಿಸುವ ಈ ಪದ್ಧತಿ ಬಹುಕಾಲ ಉಳಿದುಬಂದಿತು. ದಕ್ಷಿಣದೇಶದಲ್ಲಿ ಸೇರಿನ ಪಾತ್ರೆಯನ್ನು ನವಧಾನ್ಯಗಳ ಮಿಶ್ರಣದಿಂದ ತುಂಬಿ ರೂಪಾಯಿಗಳ ತೂಕಕ್ಕೆ ಸರಿನೋಡುತ್ತಿದ್ದುದು ಇದರದೇ ಇನ್ನೊಂದು ರೂಪ. ಒಂದು ಪಲವೆಂದರೆ ಮುನ್ನೂರಿಪ್ಪತ್ತು ಗುಲಗಂಜಿ. ಗುಲಗಂಜಿಗೆ ಸುಮಾರು ೦.೧೧೮ ಗ್ರಾಂ ಎಂದಿಟ್ಟುಕೊಂಡರೆ ಇನ್ನೂರು ಪಲ ಏಳೂವರೆ ಕಿಲೋಗ್ರಾಂ ಆಗುವುದು. ಲೀಟರಿಗೆ ಸುಮಾರು ೮೦೦ ಗ್ರಾಂ ಉದ್ದು ಹಿಡಿಯುವುದರಿಂದ ದ್ರೋಣವು ಸುಮಾರು ಒಂಬತ್ತೂವರೆ ಲೀಟರ್, ಪ್ರಸ್ಥವು ೦.೬ ಲೀಟರಿಗೆ ತುಸು ಕಡಿಮೆ.

ಇದಾದ ಮೇಲೆ ಗ್ರಂಥಕಾರನು ಹೇಳುವ ಮಾತುಗಳು ಐತಿಹಾಸಿಕನ ಕಣ್ಣು ತೆರೆಯಿಸತಕ್ಕವು. ದ್ರೋಣ ಒಂದಲ್ಲ, ನಾಲ್ಕು. ಅರಸನ ಬೊಕ್ಕಸಕ್ಕೆ ಬರುವ ಧಾನ್ಯವನ್ನು ಅಳೆಯುವ ದ್ರೋಣ ಇನ್ನೂರು ಪಲ. ವ್ಯವಹಾರದ್ದು ನೂರ ಎಂಬತ್ತೇಳೂವರೆ. ಕೆಲಸದವರಿಗೆ ಹಂಚುವುದು ನೂರ ಎಪ್ಪತ್ತೈದು. ಅಂತಃಪುರಕ್ಕೆ ಹಂಚುವುದು ನೂರ ಅರವತ್ತೆರಡೂವರೆ. ಒಳಗೆ ಬರುವ ಬಾಗಿಲಿಗೂ ಹೊರಗೆ ಹೋಗುವ ಬಾಗಿಲಿಗೂ ನಡುವೆ ಎಂಟರಲ್ಲೊಂದು ಪಾಲು, ಅಂತಃಪುರದ ಮಟ್ಟಿಗೆ ಇನ್ನೂ ಹೆಚ್ಚು, ಹೆಸರು ಬದಲಾಗದೆ ಕರಗಿಹೋಗುವುದು. ಇದನ್ನು ಬಚ್ಚಿಡದೆ ನಿಯಮವಾಗಿಯೇ ಬರೆದಿಟ್ಟಿರುವುದು ಆ ಗ್ರಂಥದ ಸ್ವಭಾವಕ್ಕೆ ತಕ್ಕುದಾಗಿದೆ.

ಮುಂದೆ ಅಳತೆಯ ಪಾತ್ರೆಗಳ ರಚನೆಯನ್ನು ಹೇಳುವಾಗ, ಅವುಗಳನ್ನು ಒಣಗಿದ ಗಟ್ಟಿಮರದಿಂದ ಮಾಡಿಸಬೇಕೆಂದೂ, ಬಾಯಿಯ ಮೇಲೆ ನಿಲ್ಲುವ ಶಿಖೆಯು ಅಳೆದ ಧಾನ್ಯದ ನಾಲ್ಕನೆಯ ಒಂದು ಪಾಲಾಗಿರಬೇಕೆಂದೂ, ಇಲ್ಲವೇ ಆ ಶಿಖೆಯಷ್ಟು ಧಾನ್ಯವು ಪಾತ್ರೆಯ ಒಳಗೇ ಹಿಡಿಯುವಂತಿರಬೇಕೆಂದೂ ವಿಧಿಸಿದೆ. ದ್ರವಗಳನ್ನು ಬಾಯಿಮಟ್ಟಕ್ಕೇ ಅಳೆಯಬೇಕೆಂದು ಶಾಮಶಾಸ್ತ್ರಿಗಳು ಇಲ್ಲಿ ಅರ್ಥಮಾಡಿದ್ದಾರೆ. ನಾವು ಹುಡುಕುತ್ತಿದ್ದ ಒರೆಗಲ್ಲು ಇದೇ.

ಮೇದಕವನ್ನು ಮಾಡುವವನ ಬಳಿ ಶಿಖೆಯನ್ನು ಒಳಗೊಂಡ ಆಳವಾದ ಪಾತ್ರೆಯಿದ್ದರೆ ಧಾನ್ಯವೂ ನೀರೂ ಮಟ್ಟಕ್ಕೆ ನಿಂತು, ಹದಿನಾರು, ಎರಡು, ಮೂರು ಎಂಬ ಪ್ರಮಾಣವೇ ಉಳಿಯುವುದು. ಹೊರಶಿಖೆಯ ಪಾತ್ರೆಯಾದರೆ ಅದರಲ್ಲಿ ನೀರು ಮುಕ್ಕಾಲು ಪಾಲು ಮಾತ್ರ ನಿಲ್ಲುವುದರಿಂದ ಹದಿನಾರು ಹನ್ನೆರಡಕ್ಕೆ ಇಳಿಯುವುದು. ಅಕ್ಕಿ ಕಿಣ್ವಗಳು ಹಾಗೆಯೇ ಇರುವುವು. ಪಾನದ ಮೇಲೆ ಇದರ ಪರಿಣಾಮವನ್ನು ಸ್ಥೂಲವಾಗಿ ಲೆಕ್ಕಹಾಕಬಹುದು. ಎರಡು ಪ್ರಸ್ಥ ಅಕ್ಕಿ ಸುಮಾರು ೯೫೦ ಗ್ರಾಂ. ಕಿಣ್ವವನ್ನು ಒಣಗಿಸಿ ಪುಡಿಮಾಡಿದ್ದೆಂದು ಹಿಡಿದರೆ ಮೂರು ಪ್ರಸ್ಥಕ್ಕೆ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಒಟ್ಟು ಎರಡು ಕಿಲೋಗ್ರಾಮಿಗೆ ತುಸು ಮಿಕ್ಕ ಧಾನ್ಯಕ್ಕೆ ಒಂದು ರೀತಿಯಲ್ಲಿ ಒಂಬತ್ತೂವರೆ ಲೀಟರ್ ನೀರು, ಇನ್ನೊಂದು ರೀತಿಯಲ್ಲಿ ಏಳು ಲೀಟರ್. ಈಗ ಮನೆಯಲ್ಲಿ ಸಾಧಾರಣ ಬಿಯರ್ ಮಾಡುವವರು ಇಪ್ಪತ್ತು ಲೀಟರ್ ಪಾನಕ್ಕೆ ನಾಲ್ಕರಿಂದ ಐದು ಕಿಲೋಗ್ರಾಂ ಧಾನ್ಯವನ್ನು ಬಳಸುತ್ತಾರೆ. ಮೊದಲನೆಯ ಓದು ಇದಕ್ಕೆ ಬಹುಮಟ್ಟಿಗೆ ಸರಿಹೊಂದುವುದು. ಎರಡನೆಯದರಿಂದ ಗಟ್ಟಿಯಾದ, ಹೆಚ್ಚು ಏರುವ ಪಾನ ಸಿದ್ಧವಾಗುವುದು. ಉದ್ದಿನಿಂದ ಅಕ್ಕಿಯಷ್ಟು ಸಕ್ಕರೆ ಹುಟ್ಟುವುದಿಲ್ಲವಾದುದರಿಂದ ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೂ ಎರಡು ಓದುಗಳೂ ಕುಡಿಯತಕ್ಕ ಪಾನವನ್ನೇ ಕೊಡುವುವೆಂಬುದೂ, ಪಾತ್ರೆಯ ಹೆಸರನ್ನು ಮಾತ್ರ ತಿಳಿದವನಿಗೆ ಅವೆರಡರಲ್ಲಿ ಯಾವುದೆಂದು ಎಂದಿಗೂ ತಿಳಿಯಲಾರದೆಂಬುದೂ ಸ್ಪಷ್ಟ.

ಈ ಪಾನವನ್ನು ದುರ್ಗಸೀಮೆಯಲ್ಲಿ ಮಾಡುತ್ತಿದ್ದರೆಂದು ನಾವು ಹೇಳುತ್ತಿಲ್ಲ. ಮಳೆ ಕಡಮೆಯಾದ ಈ ನಾಡಿನಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲಿನದು. ಭಟ್ಟಿಯ ಸಾರಾಯಿಗೆ ಕನ್ನಡನಾಡಿನ ಒಣಸೀಮೆಗಳಲ್ಲಿ ಬೆಲ್ಲವೂ ಬಿಳಿಜಾಲಿಯ ತೊಗಟೆಯೂ ಬಳಕೆಯಲ್ಲಿದ್ದುವು. ರಾಗಿ, ಜೋಳ, ನವಣೆ, ಸಾವೆಗಳು ಹುದುಗುವುದು ಅಂಬಲಿಯ ಗಡಿಗೆಯಲ್ಲಿ, ಮೊಳೆಯುವುದು ಹುರಿಹಿಟ್ಟಿಗಾಗಿ. ಧಾನ್ಯವನ್ನು ಹಗೇವಿನಲ್ಲಿಟ್ಟು ಬರಗಾಲಕ್ಕೆ ಕಾಯುವ ಜನ ಅದನ್ನು ಪಾನಕ್ಕೆ ಧಾರಾಳವಾಗಿ ಬಳಸಿದ್ದಿರಲಾರರು. ಅರ್ಥಶಾಸ್ತ್ರದ ಪಾಕದಿಂದ ನಮಗೆ ಬೇಕಾದುದು ಪಾನವಲ್ಲ, ಶಿಖೆಯ ವಿಚಾರ ಮಾತ್ರ.

ಈ ಶಿಖೆಯ ಪ್ರಮಾಣವನ್ನು ನಿರ್ಧರಿಸುವುದು ಅಳೆಯುವವನ ಕೈ ಮಾತ್ರವಲ್ಲ, ಪಾತ್ರೆಯ ಆಕಾರವೂ ಹೌದು. ಒಣಗಿದ ಉರುಟು ಕಾಳಿನ ರಾಶಿ ಸುಮಾರು ಇಪ್ಪತ್ತೇಳು ಡಿಗ್ರಿ ಇಳಿಜಾರಿನಲ್ಲಿ ನಿಲ್ಲುವುದು. ಎಂದರೆ ಪಾತ್ರೆಯ ಬಾಯಿಯ ಅರ್ಧವ್ಯಾಸದ ಅರ್ಧದಷ್ಟು ಎತ್ತರ. ಶಂಕುವಿನ ಗಾತ್ರದ ಸೂತ್ರದಿಂದ ಎಣಿಸಿದರೆ, ಅಗಲದಷ್ಟೇ ಆಳವಿರುವ ಉರುಳೆಯಾಕಾರದ ಪಾತ್ರೆಯಲ್ಲಿ ಶಿಖೆಯು ಪಾತ್ರೆಯ ಹನ್ನೆರಡನೆಯ ಒಂದು ಪಾಲು ಮಾತ್ರ. ಸಿಪ್ಪೆಯಿಂದ ಒರಟಾಗಿರುವ ಬತ್ತವು ಇನ್ನೂ ಕಡಿದಾಗಿ ನಿಲ್ಲುವುದರಿಂದ ಎಂಟು ಒಂಬತ್ತರಲ್ಲೊಂದು ಪಾಲಾಗಬಹುದು. ಕೌಟಿಲ್ಯನು ಹೇಳುವಂತೆ ಶಿಖೆಯು ಅಳೆದ ಒಟ್ಟು ಧಾನ್ಯದ ಕಾಲುಭಾಗವಾಗಬೇಕಾದರೆ ಪಾತ್ರೆಯ ಅಗಲವು ಆಳದ ನಾಲ್ಕರಷ್ಟಿರಬೇಕು. ಅದು ಕೊಳಗಕ್ಕಿಂತ ಹರಿವಾಣಕ್ಕೆ ಹತ್ತಿರವಾದ ಆಕೃತಿ. ಎರಡು ಪಾತ್ರೆಗಳು ಸವರಿದಾಗ ಸರಿಸಮವಾಗಿದ್ದರೂ ಒಂದು ಆಳವಾಗಿ ಇನ್ನೊಂದು ಅಗಲವಾಗಿದ್ದರೆ, ರಾಶಿಯಳತೆಯಲ್ಲಿ ಅವು ಸಮನಾಗಿರುವುದಿಲ್ಲ. ಮುದ್ರೆಯೊತ್ತಿದ ಅಧಿಕಾರಿಗೂ ಇದು ಕಾಣದು, ಏಕೆಂದರೆ ಅವನು ಸವರಿಯೇ ಪರೀಕ್ಷಿಸಿರುತ್ತಾನೆ.

ಈಗ ಶಾಸನಗಳಿಗೆ ಹಿಂದಿರುಗೋಣ. ಕೊಳಗ ಖಂಡುಗಗಳು ಅಲ್ಲಿ ಎರಡು ಬೇರೆ ಕೆಲಸಗಳನ್ನು ಮಾಡುತ್ತವೆ. ಒಂದು, ಬಿತ್ತುವ ಬೀಜದ ಮೊತ್ತದಿಂದ ಭೂಮಿಯ ವಿಸ್ತಾರವನ್ನು ಹೇಳುವುದು. ಇನ್ನೊಂದು, ಕೊಡತಕ್ಕ ಧಾನ್ಯವನ್ನು ಹೇಳುವುದು. ಬಿತ್ತನೆಯ ಲೆಕ್ಕದಲ್ಲಿ ಗದ್ದೆಯ ಖಂಡುಗಕ್ಕಿಂತ ಬೆದ್ದಲಿನ ಖಂಡುಗ ಹಲವು ಪಟ್ಟು ವಿಸ್ತಾರವಾದುದೆಂಬುದು ಗೊತ್ತಿರುವ ವಿಷಯವೇ. ಆದರೆ ಬಿತ್ತುವವನು ತನ್ನ ಬೀಜವನ್ನು ತಾನೇ ಅಳೆಯುತ್ತಾನೆ. ಗೋಪುರ ಕಟ್ಟಿ ಅವನಿಗೆ ಲಾಭವಿಲ್ಲ, ಸವರಿ ನಷ್ಟವಿಲ್ಲ. ಸಾಲಿಗೆ ಬೀಳುವ ಬೀಜ ಎಷ್ಟೆಂಬುದೇ ಅವನಿಗೆ ಮುಖ್ಯ. ಕೊಡುವ ಧಾನ್ಯದ ಮಾತು ಬೇರೆ. ಕಣದಲ್ಲಿ ರಾಶಿಯ ಎದುರಿಗೆ ಪಡೆಯುವವನೂ ನಿಂತಿರುತ್ತಾನೆ, ಕೊಡುವವನೂ ನಿಂತಿರುತ್ತಾನೆ, ಕೊಳಗವು ಅವರಿಬ್ಬರ ನಡುವೆ ಇರುತ್ತದೆ. ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದು ಎಣಿಸುವ ಕಣದ ಸಂಪ್ರದಾಯ ಶುಭಕ್ಕಾಗಿ ಹುಟ್ಟಿದುದಾದರೂ, ಆ ಲಾಭ ಯಾರದೆಂಬ ಪ್ರಶ್ನೆ ಪ್ರತಿ ಸುಗ್ಗಿಯಲ್ಲೂ ಎದ್ದಿರಬೇಕು.

ಆದುದರಿಂದ ಬಿತ್ತನೆಯ ಕೊಳಗವನ್ನು ಸವರಳತೆಯೆಂದೂ, ತೆರಿಗೆ, ಗುತ್ತಿಗೆ, ದೇವರ ಪಾಲು ಮೊದಲಾದ ಕೊಡುಗೆಯ ಕೊಳಗವನ್ನು ಬೇರೆ ಪ್ರಮಾಣ ದೊರೆಯುವವರೆಗೆ ರಾಶಿಯಳತೆಯೆಂದೂ ಓದುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಇದರ ಫಲ ಸಣ್ಣದಲ್ಲ. ಆಳವಾದ ಕೊಳಗದಲ್ಲಿ ಅಳೆದರೂ ಖಂಡುಗವೊಂದಕ್ಕೆ ಒಂದೂ ಮುಕ್ಕಾಲು ಕೊಳಗದ ಸಮೀಪ ಧಾನ್ಯವು ಲೆಕ್ಕಕ್ಕೆ ಸಿಕ್ಕದೆ ರೈತನ ಕಣದಿಂದ ಹೊರಗೆ ಹೋಗುವುದು. ಕೌಟಿಲ್ಯನ ಅಗಲವಾದ ಪಾತ್ರೆಯಾದರೆ ಆರೂವರೆ ಕೊಳಗಕ್ಕಿಂತಲೂ ಹೆಚ್ಚು. ಆರರಲ್ಲೊಂದು ಪಾಲು ತೆರಿಗೆಯೆಂದು ಧರ್ಮಶಾಸ್ತ್ರಗಳನ್ನು ನೆನೆದು ನಾವು ಬರೆಯುವಾಗ, ಆ ಆರರಲ್ಲೊಂದನ್ನು ಅಳೆದ ಪಾತ್ರೆಯ ಅಗಲ ಆಳಗಳು ನಮ್ಮ ಮುಂದಿರುವುದಿಲ್ಲ. ಹಗುರವಾದ ತೆರಿಗೆಯ ಕಾಲವೆಂದು ಹೊಗಳಿಸಿಕೊಂಡ ಆಳ್ವಿಕೆಗಳಲ್ಲಿ ಕೆಲವಾದರೂ ಅಗಲವಾದ ಕೊಳಗದ ಕಾಲಗಳಾಗಿದ್ದಿರಬಹುದು.

ಅರ್ಥಶಾಸ್ತ್ರದ ಅಳತೆಗಳಿಗೂ ನಮ್ಮವಕ್ಕೂ ನೇರವಾದ ಸಂಬಂಧವುಂಟೇ ಎಂಬ ಪ್ರಶ್ನೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆ ಗ್ರಂಥದಲ್ಲಿ ಹದಿನಾರು ದ್ರೋಣಕ್ಕೆ ಒಂದು ಖಾರಿ, ಇಪ್ಪತ್ತು 

ದ್ರೋಣಕ್ಕೆ ಒಂದು ಕುಂಭ ಎಂದಿರುವುದರಿಂದ, ಇಪ್ಪತ್ತು ಕೊಳಗದ ನಮ್ಮ ಖಂಡುಗವನ್ನು ಖಾರಿಯೊಡನೆ ಹೊಂದಿಸುವುದಕ್ಕಿಂತ ಕುಂಭದೊಡನೆ ಹೊಂದಿಸುವುದು ಲೆಕ್ಕಕ್ಕೆ ಸರಿಯಾಗಿ ಕಾಣುವುದೆಂದಷ್ಟೇ ಸೂಚಿಸುತ್ತೇವೆ.

೧೯೫೬ರ ಶಾಸನದಂತೆ ೧೯೫೮ರಿಂದ ಮೊದಲುಗೊಂಡು ಮೆಟ್ರಿಕ್ ಪದ್ಧತಿ ಬಂದ ಮೇಲೆ ಪೇಟೆಯಲ್ಲಿ ಧಾನ್ಯವು ತೂಕಕ್ಕೆ ಒಳಪಟ್ಟಿತು; ತೂಕಕ್ಕೆ ಶಿಖೆಯಿಲ್ಲ. ಸೇರು, ಪಾವು, ಚಟಾಕು ಎಂಬ ಮಾತುಗಳು ಮನೆಗಳಲ್ಲಿ ಇನ್ನೂ ಉಳಿದಿವೆ. ಕಬ್ಬಿಣದ ಪಟ್ಟಿ ಬಿಗಿದ ಮರದ ಕೊಳಗಗಳೂ ಹಿತ್ತಾಳೆಯ ಸೇರುಗಳೂ ಕೆಲವು ಹಳೆಯ ಮನೆಗಳ ಅಟ್ಟದ ಮೇಲಿವೆ. ಅವುಗಳನ್ನು ಕಂಡವರು ಎಷ್ಟು ಸೇರು ಹಿಡಿಯುತ್ತದೆಂದು ಕೇಳಿ ಬರೆದುಕೊಳ್ಳುವುದು ವಾಡಿಕೆ. ಅದರೊಡನೆ ಬಾಯಿಯ ಒಳಅಗಲ, ಒಳಆಳ, ಅಂಚು ಸವೆದಿದ್ದರೆ ಸವೆದ ಪ್ರಮಾಣ, ಮುದ್ರೆಯಿದ್ದರೆ ಅದರ ಅಕ್ಷರ, ಜೊತೆಯಲ್ಲಿ ಸವರುವ ಕೋಲು ಇದ್ದಿತೋ ಇಲ್ಲವೋ ಎಂಬುದು, ಇಷ್ಟನ್ನು ಗುರುತುಹಾಕಿಕೊಂಡರೆ ಸಾಕು. ಹಿತ್ತಾಳೆಯ ಪಾತ್ರೆಗಳು ಕರಗಿಸುವವರ ಕೈಗೆ ಬೇಗ ಹೋಗುವುದರಿಂದ ಅವುಗಳಿಂದಲೇ ಈ ಕೆಲಸವನ್ನು ಮೊದಲು ಮಾಡುವುದು ಮೇಲು.